ಟೈಲ್ಸ್ ಹಿಂದಿನ ಮಾತು

"ಇದನ್ನ ಮಾರಿದ್ದು ಯಾರು?"

ಕೌಂಟರಿನ ಮೇಲೆ ಧಪ್ಪನೆ ಏನೋ ಬಿದ್ದ ಸದ್ದಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದ ತಿಳಿನೀಲಿ ಟೈಲ್ಸ್ ಅದು. ಅದರ ಬೆನ್ನಿಗೆ ಬಿಳಿ ಜಿಪ್ಸಮ್ ಬೋರ್ಡಿನ ತುಂಡೊಂದು ಅಂಟಿಕೊಂಡಿತ್ತು. ನೆನೆದು ಮೆತ್ತಗಾಗಿ, ಅಂಚಿಗೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು.

ಹಂಸಳ ಮೂಗಿನ ತುದಿ ಕೆಂಪಾಗಿತ್ತು. ಹೊಳೆನರಸೀಪುರದಿಂದ ಹಾಸನದವರೆಗೂ ಆ ಟೈಲ್ಸನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದಳು. ಯಾರನ್ನು ಏನೇನು ಕೇಳಬೇಕು ಅನ್ನುವುದನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದಳು.

"ಬಿಲ್ಲಿನಲ್ಲಿ ಅರುಣ್‌ಕುಮಾರ್ ಅಂತ ಸಹಿ ಇದೆ. ಯಾರ್ರೀ ಅದು?"

"ನಾನೇ ಮೇಡಂ."

ಏಣಿಯ ಮೇಲೆ ನಿಂತು ಪೈಪು ಜೋಡಿಸುತ್ತಿದ್ದವನು ಕೆಳಗಿಳಿದ. ಇಪ್ಪತ್ತೆಂಟು ಇಪ್ಪತ್ತೊಂಬತ್ತು ಇರಬಹುದು. ತೋಳು ಮಡಚಿದ ಅಂಗಿ, ಕಿವಿಯ ಮೇಲೆ ನೀಲಿ ಪೆನ್ಸಿಲ್ಲು.

"ಬಚ್ಚಲುಮನೆ ಗೋಡೆಗೆ ಈ ರಟ್ಟು ಕೊಡ್ತಾರೇನ್ರೀ? ಇನ್ನೂ ಎಂಟು ತಿಂಗಳಾಗಿಲ್ಲ! ಮೊನ್ನೆ ಸ್ನಾನ ಮಾಡ್ತಿದ್ದ ನಮ್ಮಜ್ಜಿ ಭುಜದ ಮೇಲೆ ಬಿದ್ದಿದೆ. ಎಪ್ಪತ್ತೆಂಟು ವರ್ಷ ಅವರಿಗೆ... ತಲೆಗೆ ಬಿದ್ದಿದ್ದರೆ?"

ಅವನು ಟೈಲ್ಸನ್ನು ಕೈಗೆತ್ತಿಕೊಂಡ. ಬೋರ್ಡನ್ನು ಬೆರಳಿನಿಂದ ಒತ್ತಿದ. ಅದು ಹಿಟ್ಟಿನ ಹಾಗೆ ಉದುರಿತು. ಅವನ ಮುಖ ಸಣ್ಣದಾಯಿತು.

"ನಾನು ವಕೀಲರ ಆಫೀಸಿನಲ್ಲಿ ಟೈಪಿಸ್ಟು. ಗ್ರಾಹಕರ ವೇದಿಕೆಗೆ ಅರ್ಜಿ ಟೈಪ್ ಮಾಡೋಕೆ ನನಗೆ ಇಪ್ಪತ್ತು ನಿಮಿಷ ಸಾಕು, ಗೊತ್ತಾ!"

ಗಲ್ಲಾದ ಹಿಂದೆ ಕೂತಿದ್ದ ಅಂಗಡಿಯ ಯಜಮಾನರು ಎದ್ದು ನಿಂತರು. ಅರುಣನ ಸೋದರಮಾವ ಅವರು.

"ಅಲ್ಲ ಕಣ್ಲಾ ಅರುಣ, ಅವತ್ತು ನೀನು ಆ ಯಪ್ಪಂಗೆ ಅಷ್ಟು ಏಳಿ..."

"ಮಾವ, ಸುಮ್ಕಿರಿ." ಅವನು ತಿರುಗಿಯೂ ನೋಡಲಿಲ್ಲ. ಹಂಸಳನ್ನೇ ನೋಡುತ್ತಾ ಮೆಲ್ಲಗೆ ಕೇಳಿದ. "ಅಜ್ಜಿ ಈಗ ಹೇಗಿದ್ದಾರೆ?"

ಹಂಸ ತಬ್ಬಿಬ್ಬಾದಳು. ಅವನು ಏನೇ ವಾದ ಹೂಡಿದರೂ ಅವಳ ಹತ್ತಿರ ಉತ್ತರವಿತ್ತು. ಈ ಪ್ರಶ್ನೆಯನ್ನು ಎಣಿಸಿಯೇ ಇರಲಿಲ್ಲ.

"ಇದ್ದಾರೆ... ಭುಜ ಊದಿದೆ. ಬಚ್ಚಲಿಗೆ ಕಾಲಿಡೋಕೇ ಹೆದರ್ತಾರೆ."

"ನಾಳೆ ಬೆಳಗ್ಗೆ ಬರ್ತೀನಿ. ಪೂರ್ತಿ ಬಿಚ್ಚಿ, ನಾನೇ ನಿಂತು ಹೊಸದಾಗಿ ಮಾಡ್ಕೊಡ್ತೀನಿ."

ಅಷ್ಟೇ. ಒಂದು ಸಮಜಾಯಿಷಿಯಿಲ್ಲ, ಒಂದು ನೆಪವಿಲ್ಲ.

ಅವನು ಜಗಳ ಆಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು! ಹೊಟ್ಟೆಯಲ್ಲಿ ಉಳಿದ ಅರ್ಧ ಸಿಟ್ಟನ್ನು ಹೊತ್ತುಕೊಂಡೇ ಅವಳು ಬಸ್ ಸ್ಟ್ಯಾಂಡಿಗೆ ನಡೆದಳು.

*

ಹಂಸಳ ಮನೆ ಹೊಳೆನರಸೀಪುರದ ಕೋಟೆ ಬೀದಿಯಲ್ಲಿತ್ತು. ಅಪ್ಪ ನಂಜುಂಡಯ್ಯ ನಿವೃತ್ತ ಸಂಸ್ಕೃತ ಮೇಷ್ಟ್ರು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಹಂಸಳಿಗೆ ಅಮ್ಮ, ಗೆಳತಿ ಎಲ್ಲ ಅಜ್ಜಿ ಶ್ರೀರಂಗಮ್ಮನೇ.

ಹಿಂದಿನ ವರ್ಷದ ದೀಪಾವಳಿಗೆ ಅಜ್ಜಿ ಹಿತ್ತಲ ಬಚ್ಚಲಿನ ಮೆಟ್ಟಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಮೇಲೆ ಆ ನಾಲ್ಕು ಮೆಟ್ಟಿಲು ಅವರ ಪಾಲಿಗೆ ಬೆಟ್ಟವಾಯಿತು. ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದ ಅಣ್ಣ ಗಿರಿಧರ ಮಾರ್ಚಿನಲ್ಲಿ ರಜೆ ಹಾಕಿ ಬಂದ. ಅಜ್ಜಿಯ ಕೋಣೆಯ ಮೂಲೆಯಲ್ಲೇ ಮರದ ಚೌಕಟ್ಟು ಕಟ್ಟಿಸಿ, ಬೋರ್ಡು ಹೊಡೆಸಿ, ಟೈಲ್ಸ್ ಹಾಕಿಸಿ, ಶವರ್ ಇಡಿಸಿ, ಒಂಬತ್ತೇ ದಿನದಲ್ಲಿ ಕೆಲಸ ಮುಗಿಸಿ ಹೊರಟುಹೋದ. ಬೀದಿಯವರೆಲ್ಲ ಬಂದು ನೋಡಿ ಹೊಗಳಿದ್ದೇ ಹೊಗಳಿದ್ದು!

ಈಗ ಅದೇ ಗೋಡೆ ಕಳಚಿಬಿದ್ದಿತ್ತು.

ಟೈಲ್ಸ್ ಬಿದ್ದ ನೋವಿಗಿಂತ ಹೆಚ್ಚಿನ ಕಷ್ಟ ಇನ್ನೊಂದಿತ್ತು. ಶ್ರೀರಂಗಮ್ಮ ತಲೆಗೆ ನೀರು ಬೀಳದೆ ದೇವರ ಮುಂದೆ ಕೂರುವವರಲ್ಲ. ಪೂಜೆಯಾಗದೆ ಅನ್ನ ಮುಟ್ಟುವವರಲ್ಲ.

"ಒದ್ದೆ ಬಟ್ಟೇಲಿ ಒರೆಸಿದ್ದೀನಲ್ಲ ಅಜ್ಜಿ, ಸಾಲದಾ?"

"ಒರೆಸಿಕೊಳ್ಳೋಕೆ ನಾನೇನು ಮೇಜೇನೇ?"

ಬರೀ ಹಾಲು, ಬಾಳೆಹಣ್ಣು. ಮೂರೇ ದಿನಕ್ಕೆ ಅಜ್ಜಿಯ ಕೈಬಳೆ ಮೊಣಕೈವರೆಗೂ ಸರಿಯುತ್ತಿತ್ತು. ಹಂಸ ಆಫೀಸಿಗೆ ರಜೆ ಹಾಕಿದಳು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಇದರ ಮಧ್ಯೆ ಅಪ್ಪ ಇನ್ನೊಂದು ಸುದ್ದಿ ತಂದಿದ್ದರು. ಹದಿನೈದು ದಿನ ಕಳೆದು ಭಾನುವಾರ ಮೈಸೂರಿನಿಂದ ಹುಡುಗಿ ನೋಡಲು ಬರುತ್ತಾರೆ. ಹುಡುಗ ಆತ್ರೇಯ, ಬ್ಯಾಂಕಿನಲ್ಲಿ ಆಫೀಸರ್.

ಹಂಸ ಹೂಂ ಅಂದಿರಲಿಲ್ಲ. ಉಹೂಂ ಅನ್ನಲೂ ಅವಳಿಗೆ ಪುರುಸೊತ್ತಿರಲಿಲ್ಲ.

*

ಅರುಣ್ ಹೇಳಿದಂತೆಯೇ ಬಂದ.

ಟೈಲ್ಸ್ ತೆಗೆಯಲು ಸುತ್ತಿಗೆಯೇ ಬೇಕಾಗಲಿಲ್ಲ. ಕೈಯಲ್ಲಿ ಎಳೆದರೆ ಬಂದವು. ಕೊಳೆತ ಬೋರ್ಡುಗಳನ್ನು ಯಾರಿಗೂ ಮುಟ್ಟಗೊಡದೆ ಅವನೇ ಒಂದೊಂದಾಗಿ ಹಿತ್ತಲಿಗೆ ಹೊತ್ತು, ಬೋರಲಾಗಿ ಪೇರಿಸಿಟ್ಟ.

"ಈ ಸಲ ಯಾವ ಬೋರ್ಡು ಅಂತ ನಾನೇ ಆರಿಸ್ತೀನಿ" ಎಂದಳು ಹಂಸ, ಬಾಗಿಲಿಗೆ ಅಡ್ಡ ನಿಂತು. "ನಿಮ್ಮ ಮಾತು ಕೇಳಿ ಆಗಿದ್ದು ಸಾಕು."

ಅವನು ಹಿತ್ತಲ ಕಡೆ ಒಮ್ಮೆ ನೋಡಿ, ಕೈಯ ಧೂಳು ಕೊಡವಿಕೊಂಡ.

"ನೀವೇ ಆರಿಸಿ ಮೇಡಂ. ಒಂದು ಬಕೆಟ್ಟಲ್ಲಿ ನೀರು ಕೊಡ್ತೀರಾ?"

ಚೀಲದಿಂದ ಮೂರು ತುಂಡು ತೆಗೆದ. ಹಳೇ ಗೋಡೆಯದೇ ಥರದ ಬಿಳೀದು, ತಿಳಿಹಸಿರು, ಬೂದಿ ಬಣ್ಣದ್ದು. ಮೂರನ್ನೂ ಬಕೆಟ್ಟಿಗೆ ಹಾಕಿ ಅಜ್ಜಿಯ ಮಂಚದ ಪಕ್ಕ ಇಟ್ಟ.

"ನಾಳೆ ಬೆಳಗ್ಗೆವರೆಗೂ ಇರಲಿ. ಅಜ್ಜಿ, ನೀವೇ ಕಾವಲು."

"ನನಗೂ ಒಂದು ಕೆಲಸ ಸಿಕ್ಕಿತು ಬಿಡಪ್ಪ!" ಎಂದರು ಶ್ರೀರಂಗಮ್ಮ. ಮೂರು ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತ್ತು.

ಮರುದಿನ ಅವನು ಬರುವ ಮೊದಲೇ ಹಂಸ ಬಕೆಟ್ಟಿಗೆ ಕೈ ಹಾಕಿದ್ದಳು. ಬಿಳೀದು ಬೆರಳ ಸಂದಿಯಲ್ಲೇ ಕಲಸಿದ ಹಿಟ್ಟಾಯಿತು. ಹಸಿರಿನದು ಅಂಚಿನಲ್ಲಿ ಊದಿಕೊಂಡಿತ್ತು. ಬೂದಿ ಬಣ್ಣದ್ದು ಮಾತ್ರ ಹಾಗೇ ಇತ್ತು. ಮುರಿಯಲು ನೋಡಿದಳು, ಆಗಲಿಲ್ಲ.

"ಇದೇ! ಇದು ವಾಟರ್‌ಪ್ರೂಫ್!"

"ಅದು ಸಿಮೆಂಟ್ ಬೋರ್ಡು. ಕೊಳೆಯಲ್ಲ, ಆದ್ರೆ ವಾಟರ್‌ಪ್ರೂಫ್ ಅಲ್ಲ." ಆಗತಾನೇ ಬಂದ ಅರುಣ್ ಚಪ್ಪಲಿ ಬಿಡುತ್ತಾ ಹೇಳಿದ. "ಕೈಯಲ್ಲಿ ಹಿಡಿದು ನೋಡಿ. ನಿನ್ನೆಗಿಂತ ಭಾರ ಇಲ್ವಾ? ನೀರು ಕುಡಿದಿದೆ. ಇದೊಂದೇ ಹಾಕಿದ್ರೆ ಬೋರ್ಡು ಉಳಿಯುತ್ತೆ, ಅದರ ಹಿಂದಿನ ಮರ ಕೊಳೆಯುತ್ತೆ."

"ಮೇಲೆ ಟೈಲ್ಸ್ ಇರುತ್ತಲ್ಲ?"

"ಟೈಲ್ಸಿಗೂ ಟೈಲ್ಸಿಗೂ ಮಧ್ಯೆ ಸಂದು ಇರುತ್ತೆ ಮೇಡಂ. ಎಷ್ಟೇ ತುಂಬಿದ್ರೂ ನೀರು ಅಲ್ಲಿಂದ ಒಳಗಿಳಿಯುತ್ತೆ. ಅದನ್ನ ತಡೆಯೋದು ಬೋರ್ಡಿನ ಮೇಲೆ ಬಳಿಯೋ ಕೋಟಿಂಗು. ಕೆಲಸ ಮುಗಿದ ಮೇಲೆ ಅದು ಯಾರ ಕಣ್ಣಿಗೂ ಕಾಣಲ್ಲ... ಅದಕ್ಕೇ ಎಲ್ಲರೂ ಅದನ್ನೇ ಬಿಟ್ಟುಬಿಡೋದು."

"ನೀವೂ ಬಿಟ್ಟಿದ್ರಲ್ಲ!" ತಟ್ಟನೆ ಅಂದುಬಿಟ್ಟಳು.

ಅವನು ಬಗ್ಗಿ ಬಕೆಟ್ಟಿನ ನೀರು ಚೆಲ್ಲಲು ಹೋದ.

'ಇಷ್ಟು ತಿಳಿದವನು ಆ ರಟ್ಟನ್ನು ಯಾಕೆ ಕೊಟ್ಟ?' ಆ ಪ್ರಶ್ನೆ ಮುಳ್ಳಿನಂತೆ ಅವಳಲ್ಲಿ ಉಳಿಯಿತು.

*

ಸಿಮೆಂಟ್ ಬೋರ್ಡು ಬೆಂಗಳೂರಿನಿಂದ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಹಂಸ ಅಂಗಡಿಗೆ ಫೋನ್ ಮಾಡಿದಳು.

"ಬಂತಾ?"

"ಇಲ್ಲ ಮೇಡಂ."

"ಈಗ?"

"ಅರ್ಧ ಗಂಟೆ ಹಿಂದೆ ಕೇಳಿದ್ರಲ್ಲ ಮೇಡಂ..."

ಆಚೆ ಕಡೆ ಅವನು ನಗು ತಡೆದುಕೊಳ್ಳುತ್ತಿದ್ದದ್ದು ಅವಳಿಗೆ ಕೇಳುತ್ತಿತ್ತು. ಫೋನಿಟ್ಟ ಮೇಲೆ ತನಗೂ ನಗು ಬಂದದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಬೋರ್ಡು ಬಂದ ಮೇಲೂ ಅವನದು ಅದೇ ನಿಧಾನ. ಎರಡು ಬೋರ್ಡುಗಳ ನಡುವೆ ಸಣ್ಣ ಸಂದು ಬಿಟ್ಟ. ಬೋರ್ಡಿನ ಕಾಲು ನೆಲಕ್ಕೆ ತಾಗದಂತೆ ಬೆರಳಗಲ ಮೇಲೆತ್ತಿ ಸ್ಕ್ರೂ ಹೊಡೆದ. ಸಂದುಗಳಿಗೆ ಜಾಲರಿ ಪಟ್ಟಿ ಅಂಟಿಸಿ ಗಾರೆ ತೀಡಿದ. ಮೂಲೆಗಳಿಗೆ, ಪೈಪು ಹೊರಬರುವ ತೂತುಗಳ ಸುತ್ತ ಮೊದಲೇ ಒಂದು ಪದರ ಬಳಿದ. ಆಮೇಲೆ ಇಡೀ ಗೋಡೆಗೆ, ನೆಲಕ್ಕೂ ಅಡ್ಡಡ್ಡಲಾಗಿ ಒಂದು ಕೋಟು.

"ಇವತ್ತೇ ಎರಡನೇದು ಬಳಿಯಬಾರದಾ?"

"ಒಣಗಬೇಕು."

"ಫ್ಯಾನ್ ಹಾಕ್ತೀನಿ."

"ಹಾಕಿ. ಆದ್ರೂ ನಾಳೇನೇ."

"ಭಾನುವಾರದೊಳಗೆ ಆಗಬೇಕು ರೀ! ನಿಮಗೆ ಆತುರ ಅನ್ನೋದೇ ಗೊತ್ತಿಲ್ವಾ?"

"ಗೊತ್ತು ಮೇಡಂ. ಆತುರದಲ್ಲಿ ಮಾಡಿದ ಗೋಡೆ ಏನಾಗುತ್ತೆ ಅಂತಾನೂ ಗೊತ್ತು."

ಅವನು ಊಟಕ್ಕೆ ಜಗಲಿಗೆ ಹೋದಾಗ ಅವಳು ಮೆಲ್ಲನೆ ಒಳಗೆ ನುಗ್ಗಿ ಗೋಡೆ ಒಣಗಿದೆಯೇ ಎಂದು ಅಂಗೈ ಒತ್ತಿ ನೋಡಿದಳು. ಐದೂ ಬೆರಳು ಅಚ್ಚೊತ್ತಿದವು! ಗಾಬರಿಯಿಂದ ತಿರುಗಿದರೆ ಬಾಗಿಲಲ್ಲಿ ಅವನು.

ಬೈಯುತ್ತಾನೆ ಅಂದುಕೊಂಡಳು. ಅವನು ಬೈಯಲಿಲ್ಲ. ಅವಳ ಬೂದಿ ಬಣ್ಣದ ಅಂಗೈ ನೋಡಿ, ಗೋಡೆ ನೋಡಿ, ಬಾಯಿ ತುಂಬಾ ನಕ್ಕುಬಿಟ್ಟ.

"ಸೋಪಿಗೆ ಹೋಗಲ್ಲ ಅದು. ಬನ್ನಿ, ಕೈ ಕೊಡಿ. ಒಣಗೋ ಮೊದ್ಲೇ ಒರೆಸಬೇಕು."

ಒದ್ದೆ ಬಟ್ಟೆಯಲ್ಲಿ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಹೊರಗೆ ಮಂಚದ ಮೇಲಿಂದ ಅಜ್ಜಿ ಕೆಮ್ಮಿದರು. ಅವನು ಬಟ್ಟೆಯನ್ನು ಅವಳ ಕೈಗೇ ಕೊಟ್ಟು ಸರಕ್ಕನೆ ಹಿಂದೆ ಸರಿದ.

ಅವತ್ತು ಸಂಜೆಯವರೆಗೂ ಹಂಸ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡಿದಳು.

ಎರಡನೇ ಕೋಟು ಒಣಗಿದ ಮೇಲೆ ಅವನು ಕೊಳವೆಯ ಬಾಯಿ ಮುಚ್ಚಿ ಬಚ್ಚಲ ನೆಲದ ತುಂಬ ನೀರು ನಿಲ್ಲಿಸಿದ. ಮಟ್ಟಕ್ಕೆ ಗೆರೆ ಹಾಕಿ, ನೀರು ಎರಡು ದಿನ ಇದರಿಂದ ಕೆಳಗಿಳಿಯಬಾರದು, ಇಳಿದರೆ ಸೋರುತ್ತಿದೆ ಅಂತ ಲೆಕ್ಕ ಅಂದ. ಹಂಸ ಗಂಟೆಗೊಮ್ಮೆ ಹೋಗಿ ನೋಡಿದಳು. ನೀರು ಗೆರೆ ಬಿಟ್ಟು ಇಳಿದಿರಲಿಲ್ಲ.

ಬಿಡುವಾದಾಗ ಅವನು ಅಜ್ಜಿಗೆ ತನ್ನೂರು ಮಲ್ಲಿಪಟ್ಟಣದ ಕಥೆ ಹೇಳುತ್ತಿದ್ದ. ಅಪ್ಪನ ಹೊಗೆಸೊಪ್ಪಿನ ಬೆಳೆ, ರಾಮನಾಥಪುರದ ಹರಾಜು, ಒಂದು ಹನಿ ತೇವ ಹೆಚ್ಚಾದರೂ ಸೊಪ್ಪು ಬೂಷ್ಟು ಹಿಡಿಯುವುದು...

"ಅಪ್ಪ ಕಲಿಸಿದ್ದೇ ಅದು ಅಜ್ಜಿ. ತೇವಕ್ಕೆ ಹೆದರಬೇಕು ಅಂತ."

ಒಳಗೆ ಹೂಕೋಸು ಹೆಚ್ಚುತ್ತಿದ್ದ ಹಂಸಳ ಕೈ ನಿಂತಿರುತ್ತಿತ್ತು.

*

ಗುರುವಾರ ಟೈಲ್ಸ್ ಕೆಲಸ ಮುಗಿಯಿತು. ಸಂದು ತುಂಬುತ್ತಿದ್ದ ಅರುಣನ ಹತ್ತಿರ ನಂಜುಂಡಯ್ಯ ಬಂದು ನಿಂತರು.

"ಬಹಳ ಚೆನ್ನಾಗಿ ಮಾಡಿದ್ದೀಯಪ್ಪ. ಸರಿಯಾದ ಹೊತ್ತಿಗೆ ಮುಗೀತು. ಭಾನುವಾರ ನಮ್ಮ ಹಂಸನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ."

ಅರುಣನ ಕೈ ಒಂದು ಕ್ಷಣ ಗೋಡೆಯ ಮೇಲೇ ನಿಂತಿತು.

"ಒಳ್ಳೇದು ಮೇಷ್ಟ್ರೇ" ಅಂದ. "ಎರಡು ದಿನ ನೀರು ಹಾಕ್ಬೇಡಿ. ಶನಿವಾರ ಅಜ್ಜಿ ಸ್ನಾನ ಮಾಡಬಹುದು."

ಅದೇ ಹೊತ್ತಿಗೆ ಹಂಸ ಹಿತ್ತಲಿನಲ್ಲಿದ್ದಳು. ಕಸ ಒಯ್ಯಲು ಗಾಡಿಯವನು ಬರುವುದಿತ್ತು. ಬೋರಲಾಗಿ ಪೇರಿಸಿದ್ದ ಹಳೇ ಬೋರ್ಡುಗಳನ್ನು ಅಂಚಿಗೆ ಎಳೆಯಹೋದಳು. ಮೇಲಿನದೊಂದು ಮಗುಚಿಕೊಂಡಿತು.

ನೀಲಿ ಪೆನ್ಸಿಲ್ಲಿನ ದೊಡ್ಡ ಅಕ್ಷರಗಳು!

'ಸ್ನಾನದ ಮನೆಗೆ ಹಾಕಬೇಡಿ. ನೀರು ತಾಗಿದರೆ ಊದುತ್ತದೆ. ಸಿಮೆಂಟ್ ಬೋರ್ಡು ಹತ್ತು ದಿನದಲ್ಲಿ ತರಿಸಿ ಕೊಡುತ್ತೇನೆ, ದಯವಿಟ್ಟು ಕಾಯಿರಿ. – ಅರುಣ್.'

ಇನ್ನೊಂದನ್ನು ಮಗುಚಿದಳು. ಅದರಲ್ಲೂ ಅದೇ. ಮತ್ತೊಂದು... ಮತ್ತೊಂದು... ಒಂದನ್ನೂ ಬಿಡದೆ ಬರೆದಿದ್ದ.

ಹಾಗೇ ಓಡಿ ಬಂದು ಶಿವಮೊಗ್ಗಕ್ಕೆ ಫೋನ್ ಮಾಡಿದಳು.

"ಅಣ್ಣ, ಬೋರ್ಡಿನ ಮೇಲೆ ಬರೆದಿದ್ದು ನೀನು ನೋಡಿದ್ದೆಯಾ?"

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ನೋಡಿದ್ದೆ ಕಣೇ..." ಗಿರಿಧರನ ದನಿ ಕುಗ್ಗಿತ್ತು. "ಅಂಗಡೀಲೂ ಹೇಳಿದ್ರು. ನನ್ನ ರಜೆ ಮುಗೀತಾ ಬಂದಿತ್ತು. ಹತ್ತು ದಿನ ಕಾಯೋಕೆ ಎಲ್ಲಿ ಆಗ್ತಿತ್ತು? ಮಲಗೋ ಕೋಣೆಗೆ ಬೇಕು, ಬಚ್ಚಲಿಗಲ್ಲ ಅಂತ ಹೇಳಿ ತಂದೆ. ಬರೆದ ಕಡೆ ಒಳಗೆ ಮಾಡಿ ಹೊಡೆಸಿದೆ... ಅಜ್ಜಿಗೆ ಹೇಳಬೇಡ್ವೇ ಹಂಸ."

"ಅವನನ್ನ ನಾನು ಬಾಯಿಗೆ ಬಂದ ಹಾಗೆ ಬೈದೆ ಅಣ್ಣ. ಹತ್ತು ಜನರ ಮುಂದೆ..."

ರಿಸೀವರ್ ಇಟ್ಟು ಅಜ್ಜಿಯ ಕೋಣೆಗೆ ನುಗ್ಗಿದಳು. ಹೊಸ ಗೋಡೆ ಫಳಫಳ ಹೊಳೆಯುತ್ತಿತ್ತು. ಸಾಮಾನಿನ ಚೀಲ ಇರಲಿಲ್ಲ.

"ಆಗಲೇ ಹೊರಟನಲ್ಲೇ" ಎಂದರು ಅಜ್ಜಿ. "ಚನ್ನರಾಯಪಟ್ಟಣದಲ್ಲಿ ದೊಡ್ಡ ಕೆಲಸ ಇದೆಯಂತೆ. ನನಗೆ ನಮಸ್ಕಾರ ಮಾಡಿ ಹೋದ. ನಿನಗೂ ಹೇಳು ಅಂದ."

"ಏನು ಹೇಳು ಅಂದ?"

"ಒಳ್ಳೇದಾಗಲಿ ಅಂತ."

ಹಂಸ ಬಾಗಿಲಿನ ಚೌಕಟ್ಟು ಹಿಡಿದು ನಿಂತುಬಿಟ್ಟಳು.

*

ಶನಿವಾರ ಬೆಳಗ್ಗೆ ಶ್ರೀರಂಗಮ್ಮ ಹೊಸ ಬಚ್ಚಲಿನ ಹೊಸ್ತಿಲಲ್ಲಿ ನಡುಗುತ್ತಾ ನಿಂತರು.

"ಬೀಳಲ್ಲ ತಾನೇ?"

"ಬೀಳಲ್ಲ ಅಜ್ಜಿ. ನಾನು ಪಕ್ಕದಲ್ಲೇ ಇದ್ದೀನಿ."

ಸ್ಟೂಲಿನ ಮೇಲೆ ಕೂರಿಸಿ ಶವರ್ ತಿರುಗಿಸಿದಳು. ಬಿಸಿನೀರು ಅಜ್ಜಿಯ ಬೆಳ್ಳಿಗೂದಲ ಮೇಲೆ ಇಳಿಯಿತು. ಅವರು ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಕಣ್ಣು ಮುಚ್ಚಿ, ದೇವರ ಹೆಸರು ಹೇಳುತ್ತಾ ಕೂತರು... ಎಷ್ಟೋ ಹೊತ್ತು.

ಹನ್ನೊಂದು ಗಂಟೆಗೆ ಪೂಜೆ ಮುಗಿಸಿ ಎಲೆಯ ಮುಂದೆ ಕೂತ ಅಜ್ಜಿ ಸಾರನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡರು.

"ಆ ಹುಡುಗ ಇದ್ದಿದ್ದರೆ ಖುಷಿಪಡೋನು" ಅಂದರು.

ಬಡಿಸುತ್ತಿದ್ದ ಹಂಸಳ ಕಣ್ಣಿಂದ ನೀರು ಹರಿಯತೊಡಗಿತು. ಅಜ್ಜಿ ನೋಡಿದರು.

*

ಭಾನುವಾರ ಮೈಸೂರಿನವರು ಬಂದರು. ಆತ್ರೇಯ ಕೆಟ್ಟವನೇನೂ ಅಲ್ಲ. ತಗ್ಗಿದ ದನಿ, ನೇರ ನೋಟ. ದೊಡ್ಡವರು ಇಬ್ಬರನ್ನೇ ಮಾತಾಡಲು ಬಿಟ್ಟಾಗ ಅವನು ಸುಮ್ಮನೆ ಮಾತು ತೆಗೆಯಲು ಕೇಳಿದ.

"ಕೈ ತೊಳೆಯೋಕೆ ಹೋಗಿದ್ದೆ. ಬಚ್ಚಲು ಹೊಸದಾಗಿ ಮಾಡಿಸಿದ್ದಾ? ಅಚ್ಚುಕಟ್ಟಾಗಿದೆ."

"ಹೌದು. ಅದು... ಮೇಲೆ ಕಾಣೋ ಟೈಲ್ಸ್ ಅಲ್ಲ ಮುಖ್ಯ. ಹಿಂದೆ ಸಿಮೆಂಟ್ ಬೋರ್ಡು ಇದೆ. ಅದೂ ನೀರು ಕುಡಿಯುತ್ತೆ, ಅದಕ್ಕೇ ಮೇಲೆ ಎರಡು ಕೋಟು ಬಳಿದಿದ್ದಾರೆ. ಮೂಲೆಗೆ ಬೇರೆ, ಪೈಪಿನ ಸುತ್ತ ಬೇರೆ. ಒಂದು ಒಣಗದೆ ಇನ್ನೊಂದು ಮುಟ್ಟೋದೇ ಇಲ್ಲ ಅವರು. ನಾನು ಎಷ್ಟು ಅವಸರ ಮಾಡಿದ್ರೂ ಒಂದು ದಿನ ಕೂಡ ಸಿಡುಕಲಿಲ್ಲ. ಯಾರಿಗೂ ಕಾಣದ ಕಡೆ ಅಷ್ಟು ಜೋಪಾನವಾಗಿ... ತನ್ನ ತಪ್ಪೇ ಇಲ್ಲದಿದ್ರೂ ಬೈಸಿಕೊಂಡು..."

ಅವಳು ಗಕ್ಕನೆ ನಿಲ್ಲಿಸಿದಳು.

ಆತ್ರೇಯ ಸಣ್ಣಗೆ ನಕ್ಕ. "ನೀವು ಗೋಡೆ ಬಗ್ಗೆ ಹೇಳ್ತಿದ್ದೀರೋ, ಕಟ್ಟಿದವರ ಬಗ್ಗೆನೋ?"

ಹಂಸಳ ಮುಖ ಬಿಸಿಯಾಯಿತು. ತಾನು ತನಗೇ ಹೇಳಿಕೊಳ್ಳದಿದ್ದ ಮಾತು ಅಪರಿಚಿತನೊಬ್ಬನ ಬಾಯಿಂದ ಬಂದಿತ್ತು!

"ನನ್ನ ಕ್ಷಮಿಸಿ..."

"ಈಗಲೇ ತಿಳಿದದ್ದು ಒಳ್ಳೇದಾಯ್ತು. ನನಗೇ ಒಪ್ಪಿಗೆಯಾಗಲಿಲ್ಲ ಅಂತ ಹೇಳಲಾ?"

"ಬೇಡ. ನಿಮ್ಮ ತಲೆಗೆ ಯಾಕೆ ಕಟ್ಟಲಿ? ನಾನೇ ಅಪ್ಪಂಗೆ ಹೇಳ್ತೀನಿ."

ಅವರು ಹೊರಟ ಮೇಲೆ ಅವಳು ಹೇಳಿದಳು. ಬೋರ್ಡಿನ ಮೇಲೆ ಬರೆದದ್ದು, ಅಣ್ಣ ಮಾಡಿದ್ದು, ತನ್ನ ಮನಸ್ಸು... ಒಂದನ್ನೂ ಮುಚ್ಚಿಡಲಿಲ್ಲ.

ನಂಜುಂಡಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಲೇ ಇದ್ದರು.

"ಅವರು ಬೇರೆ ಜನ ಹಂಸ. ನಮ್ಮ ಮನೆಯ ಆಚಾರ, ಊಟ... ನಾಳೆ ನೀನೇ ಕಷ್ಟಪಡ್ತೀಯ."

"ಪಡ್ತೀನಿ ಅಪ್ಪ. ಪಡಲ್ಲ ಅಂತ ಹೇಳ್ತಿಲ್ಲ."

ಅವರು ಅಜ್ಜಿಯ ಕಡೆ ತಿರುಗಿದರು. "ಅಮ್ಮಾ, ನೀನಾದರೂ ಹೇಳು."

ಶ್ರೀರಂಗಮ್ಮ ಜಪಮಣಿಯನ್ನು ಮಡಿಲಲ್ಲಿಟ್ಟರು.

"ಒಪ್ಪಿದೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ಈ ವಯಸ್ಸಲ್ಲಿ ನನ್ನ ನಾಲಿಗೆ ಹೊರಳಲ್ಲ. ಬೇಡ ಅಂತ ಹೇಳೋಕೂ ಹೊರಳ್ತಿಲ್ಲ ಕಣೋ ನಂಜುಂಡ... ನಮ್ಮ ಹುಡುಗನ ಮಾನ ಉಳಿಸೋಕೆ ಬೈಸಿಕೊಂಡೋನು ಅವನು."

ಮರುದಿನ ಬೆಳಗ್ಗೆ ಅಪ್ಪ ಅವಳ ಮುಖ ನೋಡದೆಯೇ ಹೇಳಿದರು. "ಆ ಹುಡುಗನನ್ನ ಮನೆಗೆ ಬರಹೇಳು. ಮಾತಾಡಬೇಕು. ಒಪ್ಪಿದೀನಿ ಅಂತ ತಿಳ್ಕೋಬೇಡ."

ಅವಳಿಗೆ ಅಷ್ಟೇ ಸಾಕಾಗಿತ್ತು. ತಲೆ ಬಾಚಿಕೊಂಡಳೋ ಇಲ್ಲವೋ, ಅಂಗಡಿಗೆ ಫೋನ್ ಮಾಡಿ ಅವನಿರುವ ಜಾಗ ಕೇಳಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದಳು.

*

ಮಹಾಮಸ್ತಕಾಭಿಷೇಕಕ್ಕೆ ಎರಡೇ ತಿಂಗಳಿತ್ತು. ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಿಗಾಗಿ ಚನ್ನರಾಯಪಟ್ಟಣದ ತುಂಬ ಲಾಡ್ಜುಗಳು ಏಳುತ್ತಿದ್ದವು. ಬಸ್ ಸ್ಟ್ಯಾಂಡಿನ ಎದುರಿನ ಮೂರಂತಸ್ತಿನ ಕಟ್ಟಡದಲ್ಲಿ ಸುತ್ತಿಗೆ ಸದ್ದೇ ಸದ್ದು.

ಎರಡನೇ ಮಹಡಿಯಲ್ಲಿ ಅರುಣ್ ಯಾರೊಂದಿಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ.

"ಇಲ್ಲ ಸಾ, ಎರಡನೇ ಕೋಟು ಆಗ್ದೆ ನಾನು ಟೈಲ್ಸ್ ಹಚ್ಚಕ್ಕಿಲ್ಲ. ಬೇರೇರ್ನ ಕರ್ಕೊಂಡ್ ಬತ್ತೀರಾ? ಕರ್ಕೊಂಡ್ ಬನ್ನಿ..."

ತಿರುಗಿದವನು ಅವಳನ್ನು ಕಂಡ. ಫೋನು ಕಿವಿಯಲ್ಲೇ ಉಳಿಯಿತು.

"ಮೇಡಂ? ಏನಾಯ್ತು... ಗೋಡೆ ಸೋರ್ತಾ?"

"ಗೋಡೆಗೇನೂ ಆಗಿಲ್ಲ!" ಅವಳು ಎರಡು ಹೆಜ್ಜೆ ಮುಂದೆ ಬಂದಳು. "ಯಾಕ್ರೀ ಹೇಳಲಿಲ್ಲ? ಅಷ್ಟು ಬೈದೆನಲ್ಲ ನಿಮ್ಮನ್ನ? ಒಂದೊಂದು ಬೋರ್ಡಿನ ಮೇಲೂ ಬರೆದಿದ್ರಲ್ಲ... ಅದನ್ನ ಒಂದು ಸಲ ಮಗುಚಿ ತೋರಿಸಿದ್ರೆ ಸಾಕಿತ್ತು!"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ತೋರ್ಸಿ ಏನ್ ಮಾಡ್ಲಿ? ಅಜ್ಜಿ ದಿನಾ ಮೊಮ್ಮಗ ಕಟ್ಟಿಸಿದ್ದು, ಮೊಮ್ಮಗ ಕಟ್ಟಿಸಿದ್ದು ಅಂತಿದ್ರು. ಅವರ ಮುಂದೆ ಹೇಗೆ ತೋರ್ಸ್ಲಿ?" ಕೈಗಂಟಿದ ಗಾರೆ ಉಜ್ಜುತ್ತಾ ಹೇಳಿದ. "ಅಲ್ಲದೆ ನಂದೂ ತಪ್ಪಿದೆ. ಮಲಗೋ ಕೋಣೆಗೆ ಅಂತ ನಿಮ್ಮಣ್ಣ ಹೇಳ್ದಾಗ ನಂಗೆ ಅನುಮಾನ ಬಂದಿತ್ತು. ಅದಕ್ಕೇ ಬರೆದೆ. ಬರೆದ್ರೆ ನನ್ನ ಜವಾಬ್ದಾರಿ ಮುಗೀತು ಅಂದ್ಕೊಂಡೆ. ಕೊಡಲ್ಲ ಅನ್ನಬೇಕಿತ್ತು... ಆ ಟೈಲ್ಸ್ ನೋಡ್ದಾಗಿಂದ ಅದೊಂದೇ ಕೊರೀತಿತ್ತು."

"ಹಾಗಾದ್ರೆ ಹೇಳದೆ ಯಾಕೆ ಹೊರಟುಹೋದ್ರಿ?"

ಅವನು ತಲೆ ತಗ್ಗಿಸಿದ.

"ಭಾನುವಾರ ನಾನು ಅಲ್ಲಿರಬಾರದು ಅನ್ನಿಸ್ತು."

"ಯಾಕೆ?"

"ಇದನ್ನೂ ನನ್ ಬಾಯಲ್ಲೇ ಹೇಳಿಸ್ತೀರಾ?"

"ಹೇಳಿಸ್ತೀನಿ. ಸುಮ್ಮನಿದ್ದು ಸುಮ್ಮನಿದ್ದು ಎಷ್ಟು ಜನರನ್ನ ಕಾಪಾಡ್ತೀರಿ ನೀವು?" ಕೆನ್ನೆಯ ಮೇಲಿಳಿದ ನೀರನ್ನು ಅವಳು ಒರೆಸಿಕೊಳ್ಳಲೂ ಇಲ್ಲ. "ನಾನಂತೂ ಹೇಳಿಬಿಡ್ತೀನಿ. ಮೈಸೂರಿನವರಿಗೆ ಬೇಡ ಅಂದೆ. ಅಪ್ಪಂಗೆ ನಿಮ್ಮ ಹೆಸರು ಹೇಳಿದ್ದೀನಿ. ನೀವಿಲ್ಲದೆ ಆ ಮನೇಲಿ ನಾಲ್ಕು ದಿನ ನನ್ನ ಕೈಲಿ ಇರೋಕಾಗಲಿಲ್ಲ. ಈಗ... ನಿಮಗೆ ಹಾಗೇನೂ ಇಲ್ಲದಿದ್ರೆ ಹೇಳಿ, ಹೋಗ್ತೀನಿ."

ಸುತ್ತಿಗೆ ಸದ್ದು ಎಲ್ಲೋ ನಿಂತುಹೋದಂತಾಯಿತು.

"ಇದೆ" ಅಂದ ಅವನು. "ನೀವು ಅರ್ಧ ಗಂಟೆಗೊಂದು ಫೋನ್ ಮಾಡ್ತಿದ್ರಲ್ಲ... ಬೋರ್ಡು ಇನ್ನೊಂದಿನ ಲೇಟಾಗ್ಲಿ ದೇವ್ರೇ ಅಂತಿದ್ದೆ ನಾನು."

ಅವಳು ಅಳುತ್ತಲೇ ನಕ್ಕುಬಿಟ್ಟಳು.

"ಅಪ್ಪ ನಿಮ್ಮನ್ನ ಮನೆಗೆ ಕರೆದಿದ್ದಾರೆ. ಒಪ್ಪಿಲ್ಲ. ಬೈದರೂ ಬೈಬಹುದು."

"ಬತ್ತೀನಿ. ನಮ್ಮೂರಲ್ಲೂ ಅಪ್ಪ ಅವ್ವ ಸುಮ್ನೆ ಬಿಡಕ್ಕಿಲ್ಲ. ಒಂದು ವರ್ಷ ಆದ್ರೂ ಸರಿ, ಇಬ್ಬರ ಮನೇಲೂ ಕೂತು ಮಾತಾಡಿ ಒಪ್ಪಿಸೋಣ. ಕದ್ದು ಮಾಡೋದು ಬೇಡ."

ಅವಳನ್ನು ಬಸ್ಸು ಹತ್ತಿಸಲು ಅವನು ಕೈಕಾಲು ತೊಳೆದುಕೊಂಡು ಬಂದ. ಇಬ್ಬರೂ ರಸ್ತೆ ದಾಟಿ ಬಸ್ ಸ್ಟ್ಯಾಂಡಿಗೆ ಬಂದರು. ಹೊಳೆನರಸೀಪುರದ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಕಂಡಕ್ಟರ್ ಕೊನೆಯ ಸಲ ಕೂಗಿದ.

ಹಂಸ ಮೆಟ್ಟಿಲ ಹತ್ತಿರ ಹೋದವಳು ನಿಂತಳು.

"ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"

"ಮುಕ್ಕಾಲು ಗಂಟೆ ಆಗುತ್ತೆ."

"ನಿಮಗೆ ಕೆಲಸ ಇದೆಯೇನೋ..."

"ಇದೆ."

ಬಸ್ಸು ಅವರಿಬ್ಬರನ್ನೂ ದಾಟಿ, ಧೂಳೆಬ್ಬಿಸುತ್ತಾ ರಸ್ತೆಗಿಳಿಯಿತು. ಅವನು ಪಕ್ಕದ ಕಲ್ಲುಬೆಂಚನ್ನು ತನ್ನ ಟವೆಲಿನಿಂದ ಒರೆಸಿದ.

"ಕೂತ್ಕೋ ಹಂಸ" ಅಂದ.

ಅವಳು ಕೂತಳು.